ಲೊರೆಟಾ ಲಿನ್ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಲೇಖನದ ಕರಡು ತಲುಪಿತು. ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತದ ಬಗ್ಗೆ, ಅದರಲ್ಲೂ ಹಾಡು ಬರೆದು ಹಾಡಿದ ಲೊರೆಟಾ ಲಿನ್ ಬಗ್ಗೆ ಕನ್ನಡದಲ್ಲಿ ಯಾರಾದರೂ ಕೂತು ಬರೆಯಬೇಕು ಅಂತ ನನಗೆ ಎಷ್ಟೋ ವರ್ಷದಿಂದ ಆಸೆ. ನೀನು ಕೈ ಹಾಕಿದ್ದೀಯಲ್ಲ, ಖುಷಿಯಾಯಿತು. ಅದಕ್ಕೇ ಬರೀ 'ಚೆನ್ನಾಗಿದೆ' ಅಂತ ಹೇಳಿ ಸುಮ್ಮನಾಗಲು ಮನಸ್ಸು ಬರುತ್ತಿಲ್ಲ.

ಕಲ್ಲಿದ್ದಲು ಗಣಿ ಕೆಲಸಗಾರನ ಮಗಳು, ಎಂಟು ಮಕ್ಕಳ ಮನೆ, ಚಿಕ್ಕ ವಯಸ್ಸಿಗೇ ಮದುವೆ, ಗಂಡ ತಂದುಕೊಟ್ಟ ಗಿಟಾರ್, ಆಮೇಲೆ ಹೆಸರು, ಪ್ರಶಸ್ತಿ, 2022ರ ಅಕ್ಟೋಬರ್‌ನಲ್ಲಿ ತೊಂಬತ್ತನೇ ವಯಸ್ಸಿಗೆ ಸಾವು. ನಿನ್ನ ಕರಡಿನಲ್ಲಿ ಎಲ್ಲ ಇದೆ. ಆದರೆ ಆಕೆ ಹಾಡು ಬರೆಯುವುದು ಮಾತ್ರ ಎಲ್ಲೂ ಕಾಣಲಿಲ್ಲ. ಹಾಡುಗಳು ತಾವಾಗಿಯೇ ಬಂದವು, ಹಿಟ್ ಆದವು ಅನ್ನುವ ಹಾಗಿದೆ. ಕೆಂಟಕಿಯ ಆ ಗುಡ್ಡಗಳ ನಡುವೆ ಕಷ್ಟ ಕಂಡ ಹುಡುಗಿಯರು ಸಾವಿರಾರು ಜನ ಇದ್ದರು. ಅವರಲ್ಲಿ ಒಬ್ಬಳು ಕೂತು ಬರೆದಳು. ಏನನ್ನು ನೋಡಿದಳು, ಯಾರ ಮಾತು ಕೇಳಿಸಿಕೊಂಡಳು, ಏನನ್ನು ಇಟ್ಟುಕೊಂಡಳು, ಏನನ್ನು ಬಿಟ್ಟಳು, ಆ ಬರಹಕ್ಕೆ ಏನು ಬೆಲೆ ಕೊಟ್ಟಳು? ನಿನ್ನ ಲೇಖನ ಇದರ ಬೆನ್ನು ಹತ್ತಬೇಕು ಅನ್ನುವುದು ನನ್ನ ಮಾತು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

'ಕೋಲ್ ಮೈನರ್ಸ್ ಡಾಟರ್' ಹಾಡನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ: 'ತನ್ನ ಬಡತನದ ಬಾಲ್ಯದ ಬಗ್ಗೆ ಹಾಡಿದಳು' ಅಂತ. ದಯವಿಟ್ಟು ಆ ಹಾಡನ್ನು ಮತ್ತೆ ಕೇಳು, ಈ ಸಲ ಪೆನ್ನು ಹಿಡಿದುಕೊಂಡು ಕೇಳು. ಅಪ್ಪ ರಾತ್ರಿಯೆಲ್ಲ ವ್ಯಾನ್ ಲಿಯರ್ ಗಣಿಯಲ್ಲಿ ದುಡಿದು, ಹಗಲು ಬಂದು ಜೋಳದ ಹೊಲದಲ್ಲಿ ಕಳೆ ತೆಗೆಯುತ್ತಾನೆ. ಅಮ್ಮ ರಾತ್ರಿ ಮಕ್ಕಳನ್ನು ತೂಗುತ್ತಾಳೆ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಬೈಬಲ್ ಓದುತ್ತಾಳೆ. ಬಟ್ಟೆ ಉಜ್ಜಿ ಉಜ್ಜಿ ಅವಳ ಬೆರಳಲ್ಲಿ ರಕ್ತ ಬರುತ್ತದೆ. ಬೇಸಿಗೆಯಲ್ಲಿ ಮಕ್ಕಳ ಕಾಲಿಗೆ ಚಪ್ಪಲಿ ಇಲ್ಲ. ಚಳಿಗಾಲಕ್ಕೆ ಮಾತ್ರ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ತರಿಸಿದ ಹೊಸ ಬೂಟು. ಅದಕ್ಕೆ ದುಡ್ಡು ಎಲ್ಲಿಂದ? ಒಂದು ಹಂದಿ ಮಾರಿ.

ಆ ಹಂದಿಯನ್ನು ಗಮನಿಸು. ಅದೊಂದು ಮಾತಿನಲ್ಲಿ ಮನೆಯ ಲೆಕ್ಕಾಚಾರವೆಲ್ಲ ಇದೆ. ಗಣಿ ಕೂಲಿ ಊಟಕ್ಕೆ ಸರಿಹೋಗುತ್ತಿತ್ತು, ಬೂಟಿಗೆ ಸಾಲುತ್ತಿರಲಿಲ್ಲ ಅಂತ ನಮಗೇ ಅರ್ಥವಾಗುತ್ತದೆ, ಆಕೆ ಹೇಳಬೇಕಾಗಿಲ್ಲ. ಬಡತನದ ಮಾತು ಹಾಡಿನಲ್ಲಿ ಬಂದರೂ ಗೋಳು ಎಲ್ಲೂ ಇಲ್ಲ. ಕೊನೆಯಲ್ಲಿ ದೊಡ್ಡವಳಾಗಿ ಆ ಮನೆಗೆ ವಾಪಸ್ ಹೋಗುತ್ತಾಳೆ, ನೆಲ ಬಿಟ್ಟರೆ ಅಲ್ಲಿ ಏನೂ ಉಳಿದಿಲ್ಲ. ಇಷ್ಟೆಲ್ಲ ಸುಮಾರು ಮೂರು ನಿಮಿಷದಲ್ಲಿ. ಮತ್ತೆ ಮತ್ತೆ ಬರುವ ಪಲ್ಲವಿ ಕೂಡ ಇಲ್ಲ, ಚರಣದ ಮೇಲೆ ಚರಣ, ಕಥೆ ಹೇಳಿದ ಹಾಗೆ ಸಾಗುತ್ತದೆ.

ಈ ಹಾಡು ಮೊದಲು ಇನ್ನೂ ಉದ್ದ ಇತ್ತು. ನ್ಯಾಶ್‌ವಿಲ್‌ನಲ್ಲಿ ಡೆಕ್ಕಾ ಕಂಪನಿಗೆ ಆಕೆಯ ಹಾಡುಗಳನ್ನು ಧ್ವನಿಮುದ್ರಣ ಮಾಡಿಸುತ್ತಿದ್ದ ನಿರ್ಮಾಪಕ ಓವೆನ್ ಬ್ರಾಡ್ಲಿ, ಇಷ್ಟುದ್ದ ಆಗದು ಅಂತ ಕೆಲವು ಚರಣಗಳನ್ನು ತೆಗೆಸಿದ. ಅವು ಆಕೆಯ ಮನೆಯದೇ ಸಂಗತಿಗಳು, ತನ್ನ ಅಪ್ಪ ಅಮ್ಮನ ಬದುಕು. ತೆಗೆಯುವಾಗ ಜೀವ ಎಷ್ಟು ಒದ್ದಾಡಿರಬೇಕು, ಅಲ್ವಾ? ಆದರೂ ತೆಗೆದಳು. 1969ರಲ್ಲಿ ಹಾಡಿದ್ದು, ಮರುವರ್ಷ ಬಿಡುಗಡೆ ಆಯಿತು, 1970ರ ಡಿಸೆಂಬರ್‌ನಲ್ಲಿ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂತು. ಅದೇ ಹೆಸರಿನ ಆತ್ಮಕಥೆ 1976ರಲ್ಲಿ, ಸಿನಿಮಾ 1980ರಲ್ಲಿ. ಸಿನಿಮಾಕ್ಕೆ, ಅದರಲ್ಲಿ ಲೊರೆಟಾ ಪಾತ್ರ ಮಾಡಿದ ಸಿಸಿ ಸ್ಪೇಸೆಕ್‌ಗೆ ಬಂದ ಆಸ್ಕರ್‌ಗೆ ನೀನು ಎರಡು ಪುಟ ಕೊಟ್ಟಿದ್ದೀಯ. ಎರಡು ಸಾಲು ಸಾಕು. ಆ ಎರಡು ಪುಟ ಹಾಡಿಗೆ ಕೊಡು.

ಈಗ ಆಕೆ ಕೇಳಿಸಿಕೊಳ್ಳುತ್ತಿದ್ದ ರೀತಿಗೆ ಬರುತ್ತೇನೆ. ಮದುವೆಯಾದ ಮೇಲೆ ಗಂಡ ಡೂಲಿಟಲ್ ಆಕೆಯನ್ನು ದೇಶದ ಇನ್ನೊಂದು ತುದಿಗೆ, ವಾಷಿಂಗ್ಟನ್ ರಾಜ್ಯದ ಕಸ್ಟರ್ ಎಂಬ ಊರಿಗೆ ಕರೆದುಕೊಂಡು ಹೋದ. ಇಪ್ಪತ್ತರ ಆಸುಪಾಸಿಗೆ ನಾಲ್ಕು ಮಕ್ಕಳು. ಅವನು ತಂದ 17 ಡಾಲರಿನ ಗಿಟಾರ್ ಹಿಡಿದು ತಾನೇ ಕಲಿತು, ಅಲ್ಲಿನ ಬಾರ್‌ಗಳಲ್ಲಿ ಹಾಡಲು ಶುರು ಮಾಡಿದಳು. ಅಂಥ ಒಂದು ಕಡೆ ಗಂಡ ಬಿಟ್ಟುಹೋದ ಹೆಂಗಸೊಬ್ಬಳು ಕುಡಿಯುತ್ತಾ ಅಳುತ್ತಾ ಕೂತಿರುತ್ತಿದ್ದಳು. ಮೊದಲ ರೆಕಾರ್ಡ್ 'ಐ ಆಮ್ ಎ ಹಾಂಕಿ ಟಾಂಕ್ ಗರ್ಲ್' ಹುಟ್ಟಿದ್ದು ಅವಳಿಂದ. ಕೆಲವು ವರ್ಷ ಬಿಟ್ಟು ಒಂದು ಕಾರ್ಯಕ್ರಮದಲ್ಲಿ ಮತ್ತೊಬ್ಬ ಹೆಂಗಸು ವೇದಿಕೆ ಹಿಂದೆ ಬಂದು ಅತ್ತಳು. ಗಂಡ ಇನ್ನೊಬ್ಬಳನ್ನು ಕರೆದುಕೊಂಡು ಬಂದಿದ್ದಾನೆ, ಇಬ್ಬರೂ ಮುಂದೆಯೇ ಕೂತಿದ್ದಾರೆ ಅಂತ. ಲೊರೆಟಾ ಪರದೆ ಸರಿಸಿ ಆ ಇನ್ನೊಬ್ಬಳನ್ನು ನೋಡಿದಳು. ನಿನ್ನ ಗಂಡನನ್ನು ಕಿತ್ತುಕೊಳ್ಳುವಷ್ಟು ಯೋಗ್ಯತೆ ಅವಳಿಗಿಲ್ಲ ಬಿಡು ಅಂತ ಸಮಾಧಾನ ಹೇಳಿದಳು. ಹೇಳಿದ ಆ ಮಾತೇ 1966ರ 'ಯೂ ಏಂಟ್ ವುಮನ್ ಎನಫ್' ಹಾಡಾಯಿತು. ಇದನ್ನು ಲೊರೆಟಾ ಸ್ವತಃ ಎಷ್ಟೋ ಸಲ ಹೇಳಿಕೊಂಡಿದ್ದಾಳೆ.

ಎರಡು ಹಾಡು, ಎರಡರ ಹಿಂದೆಯೂ ಅಳುತ್ತಿದ್ದ ಒಬ್ಬೊಬ್ಬ ಹೆಂಗಸು. ಆದರೆ ಎರಡೂ ಹಾಡು ಒಂದೇ ಥರ ಇಲ್ಲ. ಮೊದಲನೆಯದರಲ್ಲಿ ಹೆಂಗಸು ತನ್ನ ಗತಿಗೆ ಮರುಗುತ್ತಾಳೆ. ಎರಡನೆಯದರಲ್ಲಿ ಎದುರಿನವಳ ಮುಖ ನೋಡಿ ಮಾತಾಡುತ್ತಾಳೆ. ಆ ಆರು ವರ್ಷದಲ್ಲಿ ಲೊರೆಟಾ ತನ್ನ ದನಿ ಕಂಡುಕೊಂಡಳು. ನನ್ನ ಪ್ರಕಾರ ನಿನ್ನ ಲೇಖನದ ನಡುಮನೆ ಇದೇ. ಹಾಡುವ ಹೆಂಗಸರು ಅಲ್ಲಿ ಮೊದಲೂ ಇದ್ದರು. 1952ರಲ್ಲಿ ಕಿಟಿ ವೆಲ್ಸ್ ಕಂಟ್ರಿ ಪಟ್ಟಿಯ ತುದಿಗೇರಿದ ಮೊದಲ ಒಂಟಿ ಗಾಯಕಿ, ಲೊರೆಟಾಗೆ ಅವಳೆಂದರೆ ಪ್ರಾಣ. ಆದರೆ ಕಿಟಿಯನ್ನು ಆ ತುದಿಗೇರಿಸಿದ, ಹೆಂಗಸಿನ ಪರವಾಗಿ ವಾದ ಮಾಡುವ ಹಾಡನ್ನು ಬರೆದದ್ದು ಜೆ.ಡಿ. ಮಿಲ್ಲರ್ ಅನ್ನುವ ಗಂಡಸು. 1967ರಲ್ಲಿ ಲೊರೆಟಾ ಮೊದಲ ಸಲ ಒಂದನೇ ಸ್ಥಾನಕ್ಕೆ ಬಂದದ್ದು ಕುಡಿದು ಮನೆಗೆ ಬರುವ ಗಂಡನನ್ನು ಬಾಗಿಲಲ್ಲೇ ತಡೆಯುವ ಹಾಡಿನಿಂದ. ಅದನ್ನು ಬರೆದವರು ಆಕೆ ಮತ್ತು ಆಕೆಯ ತಂಗಿ ಪೆಗ್ಗಿ ಸೂ. ವ್ಯತ್ಯಾಸ ಕಾಣಿಸಿತಾ?

ಹಾಗಂತ ಎಲ್ಲ ಹಾಡನ್ನೂ ಆಕೆಯ ಹೆಸರಿಗೆ ಬರೆಯಬೇಡ. ನಿನ್ನ ಕರಡಿನಲ್ಲಿ 'ದಿ ಪಿಲ್' ಆಕೆ ಬರೆದ ದಿಟ್ಟ ಹಾಡು ಅಂತ ಇದೆ. ಬರೆದವರ ಪಟ್ಟಿಯಲ್ಲಿ ಲೋರೀನ್ ಅಲೆನ್, ಡಾನ್ ಮೆಕ್‌ಹಾನ್, ಟಿ.ಡಿ. ಬೇಲೆಸ್ ಹೆಸರಿವೆ. ಹಾಡುವ ಧೈರ್ಯ ಆಕೆಯದು. 1972ರಲ್ಲಿ ಧ್ವನಿಮುದ್ರಣ ಆದ ಹಾಡು 1975ರವರೆಗೆ ಹೊರಗೆ ಬರಲಿಲ್ಲ. ಬಂದಾಗ ಎಷ್ಟೋ ರೇಡಿಯೋ ಸ್ಟೇಷನ್‌ಗಳು ಹಾಕಲು ಒಪ್ಪಲಿಲ್ಲ. ಗರ್ಭನಿರೋಧಕ ಮಾತ್ರೆಯ ಬಗ್ಗೆ, ಅದೂ ಆರು ಮಕ್ಕಳ ತಾಯಿ ಖುಷಿಯಿಂದ ಹಾಡುವುದು ಅವರಿಗೆ ನುಂಗಲಾರದ ತುತ್ತಾಯಿತು. ಆದರೂ ಅದು ಕಂಟ್ರಿ ಪಟ್ಟಿಯಲ್ಲಿ ಐದನೇ ಸ್ಥಾನದವರೆಗೆ ಬಂತು. 'ಒನ್ಸ್ ಆನ್ ದಿ ವೇ' ಬರೆದದ್ದು ಶೆಲ್ ಸಿಲ್ವರ್‌ಸ್ಟೀನ್. ಪ್ರತಿ ಹಾಡಿಗೂ ರೆಕಾರ್ಡ್ ಮೇಲಿನ ಹೆಸರು ನೋಡು. ಗೀತಕಾರರ ಹೆಸರು ನುಂಗಿಹಾಕುವ ಚಾಳಿ ಎಲ್ಲ ಕಡೆ ಇದೆ, ನೀನು ಅದಕ್ಕೆ ಸೇರಬೇಡ.

ವಯಸ್ಸಿನ ವಿಷಯಕ್ಕೂ ಹುಷಾರು. ಹದಿಮೂರಕ್ಕೆ ಮದುವೆ ಅಂತ ಬರೆದಿದ್ದೀಯ. ಬಹಳ ಕಾಲ ಎಲ್ಲರೂ ಹಾಗೇ ಬರೆದರು, ಯಾಕೆಂದರೆ ಆಕೆಯೇ ಹಾಗೆ ಹೇಳಿದ್ದಳು. 2012ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಜನನ ಮತ್ತು ಮದುವೆಯ ದಾಖಲೆಗಳನ್ನು ಹುಡುಕಿ ತೆಗೆಯಿತು. ಹುಟ್ಟಿದ್ದು 1932ರ ಏಪ್ರಿಲ್ 14. ಮದುವೆ 1948ರ ಜನವರಿ. ಅಂದರೆ ಹದಿನೈದು ವರ್ಷ. ಹದಿನೈದೇನು ಕಮ್ಮಿ ಎಳೆವಯಸ್ಸಾ? ನಿಜವೇ ಇಷ್ಟು ಗಟ್ಟಿ ಇರುವಾಗ ಎರಡು ವರ್ಷ ಕಡಿಮೆ ಮಾಡುವ ಅಗತ್ಯ ಇಲ್ಲ. ತಪ್ಪು ಹೇಳಿದಳು ಅಂತ ಆಕೆಯನ್ನು ಕಟಕಟೆಗೂ ನಿಲ್ಲಿಸಬೇಡ. ದಾಖಲೆ ಹೇಳಿದ್ದನ್ನು ಹೇಳು, ಮುಂದೆ ಹೋಗು.

1960ರ ಕಾರಿನ ಪ್ರಯಾಣ ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ. ಅದು ನನಗೆ ತುಂಬಾ ಇಷ್ಟದ ಭಾಗ. ಜೀರೋ ಅನ್ನುವ ಪುಟ್ಟ ಕಂಪನಿ ಮೊದಲ ರೆಕಾರ್ಡ್ ಹೊರತಂದಿತ್ತು. ಜಾಹೀರಾತಿಗೆ ದುಡ್ಡಿಲ್ಲ. ಗಂಡ ಹೆಂಡತಿ ರೆಕಾರ್ಡುಗಳನ್ನು ತಾವೇ ರೇಡಿಯೋ ಸ್ಟೇಷನ್‌ಗಳಿಗೆ ಅಂಚೆಯಲ್ಲಿ ಕಳಿಸಿದರು. ಆಮೇಲೆ ಹಳೇ ಕಾರು ಹತ್ತಿ ಊರೂರು ಸುತ್ತಿದರು. ರೇಡಿಯೋ ಗೋಪುರ ಕಂಡಲ್ಲಿ ನಿಲ್ಲಿಸುವುದು, ಒಳಗೆ ಹೋಗಿ ಹಾಡು ಹಾಕಿ ಅಂತ ಕೇಳುವುದು. ಕಾರಲ್ಲೇ ನಿದ್ದೆ, ಬ್ರೆಡ್ಡಿನ ನಡುವೆ ಏನೋ ಇಟ್ಟುಕೊಂಡು ಊಟ. ಹಾಡು ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಬಂತು. ಆ ವರ್ಷವೇ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆಯಲ್ಲಿ ಹಾಡಿದಳು. ಓದುಗರಿಗೆ ಆಪ್ರಿ ಅಂದರೇನು ಅಂತ ಇಲ್ಲೇ ಹೇಳಿಬಿಡು: 1925ರಿಂದ ನ್ಯಾಶ್‌ವಿಲ್‌ನ ರೇಡಿಯೋದಲ್ಲಿ ನಡೆದುಬಂದ ಕಾರ್ಯಕ್ರಮ, ಲೊರೆಟಾ ಹುಟ್ಟಿ ಬೆಳೆದ ಬುಚರ್ ಹಾಲೋದ ಆ ಮನೆಯವರು ಶನಿವಾರ ರಾತ್ರಿ ಬ್ಯಾಟರಿ ರೇಡಿಯೋ ಸುತ್ತ ಕೂತು ಕೇಳುತ್ತಿದ್ದದ್ದು. ಇಷ್ಟು ಹೇಳಿದರೆ ಆ ವೇದಿಕೆ ಹತ್ತುವುದು ಆಕೆಗೆ ಏನಾಗಿತ್ತು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಕಂಟ್ರಿ ಸಂಗೀತದ ಇತಿಹಾಸ ಅಂತ ನೀನು ಶುರುವಿನಲ್ಲಿ ಹಾಕಿದ ಉದ್ದನೆಯ ಪೀಠಿಕೆ ಬೇಡ.

ಡೂಲಿಟಲ್‌ನನ್ನು ನೀನು ಒಂದು ಪುಟದಲ್ಲಿ ದೇವರು ಮಾಡಿ, ಇನ್ನೊಂದು ಪುಟದಲ್ಲಿ ರಾಕ್ಷಸ ಮಾಡಿದ್ದೀಯ. ಅವನು ಕುಡಿಯುತ್ತಿದ್ದ, ಬೇರೆ ಹೆಂಗಸರ ಸಹವಾಸ ಇತ್ತು, ಮನೆಯಲ್ಲಿ ಕೈ ಕೈ ಮಿಲಾಯಿಸುವ ಜಗಳ ಆಗುತ್ತಿತ್ತು. ಆಕೆಯಲ್ಲಿ ಹಾಡುಗಾರ್ತಿಯನ್ನು ಮೊದಲು ಕಂಡವನೂ ಅವನೇ, ಹಾಡು ಅಂತ ಹಟ ಹಿಡಿದು ವೇದಿಕೆಗೆ ತಳ್ಳಿದವನೂ ಅವನೇ. 1996ರಲ್ಲಿ ಅವನು ಸಾಯುವವರೆಗೆ ಆಕೆ ಜೊತೆಗಿದ್ದಳು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಲೊರೆಟಾಗೆ ಗೊತ್ತಿತ್ತು, ಆಕೆಯ ಹಾಡುಗಳೇ ಅದಕ್ಕೆ ಸಾಕ್ಷಿ. ನಿನಗೂ ಬರಬೇಕು. ಹಾಗೇ, ಆಕೆಗೆ 'ಸ್ತ್ರೀವಾದಿ' ಅನ್ನುವ ಪಟ್ಟಿ ಕಟ್ಟುವ ಮುಂಚೆ ಯೋಚಿಸು. ಆ ಹೆಸರನ್ನು ಆಕೆ ಒಪ್ಪಿಕೊಂಡವಳಲ್ಲ. ಮಾತ್ರೆಯ ಬಗ್ಗೆ, ವಿಚ್ಛೇದಿತ ಹೆಂಗಸರನ್ನು ಊರು ನೋಡುವ ಕಣ್ಣಿನ ಬಗ್ಗೆ ಹಾಡಿದ ಇದೇ ಹೆಂಗಸು 2016ರಲ್ಲಿ ಟ್ರಂಪ್‌ಗೆ ಬೆಂಬಲ ಹೇಳಿದಳು. ನಿನಗೆ ಹಿತವಾಗದ ಭಾಗವನ್ನು ಮುಚ್ಚಿಟ್ಟರೆ ಲೇಖನದಲ್ಲಿ ಇರುವವಳು ಲೊರೆಟಾ ಆಗಿರುವುದಿಲ್ಲ.

ಇನ್ನು ದುಡ್ಡು ಕಾಸಿನ ವಿಷಯ. ಬರಹಗಾರರು ಇದನ್ನು ಬರೆಯಲು ನಾಚುತ್ತಾರೆ, ನೀನು ನಾಚಬೇಡ. ಶುರುವಿನಲ್ಲಿ ಆಕೆಯನ್ನು ಮೇಲೆತ್ತಿದವರಲ್ಲಿ ಹಾಡುಗಾರರಾಗಿದ್ದ ವಿಲ್‌ಬರ್ನ್ ಸಹೋದರರು ಮುಖ್ಯ. ಡೆಕ್ಕಾಗೆ ದಾರಿ ಮಾಡಿಕೊಟ್ಟರು, ತಮ್ಮ ಟೀವಿ ಕಾರ್ಯಕ್ರಮದಲ್ಲಿ ಹಾಡಿಸಿದರು. ಆಕೆಯ ಹಾಡುಗಳ ಪ್ರಕಾಶನ ಹಕ್ಕು ಅವರ ಶ್ಯೂರ್-ಫೈರ್ ಮ್ಯೂಸಿಕ್ ಕಂಪನಿಗೆ ಹೋಯಿತು. ಎಪ್ಪತ್ತರ ದಶಕದಲ್ಲಿ ಬೇರೆಯಾಗಲು ಹೊರಟಾಗ ವ್ಯಾಜ್ಯ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ನಡೆಯಿತು, ಹಾಡಿನ ಹಕ್ಕು ಅಲ್ಲೇ ಉಳಿಯಿತು. ಹೊಸದು ಬರೆದರೂ ತನ್ನದಾಗುವುದಿಲ್ಲ ಅನ್ನಿಸಿ ಆಕೆ ಬರೆಯುವುದನ್ನೇ ಕಮ್ಮಿ ಮಾಡಿದಳು. ಹೊರಗಿನಿಂದ ನೋಡಿದರೆ ಅದು ಆಕೆಯ ಅತಿ ದೊಡ್ಡ ಕಾಲ. 1972ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ 'ಎಂಟರ್‌ಟೇನರ್ ಆಫ್ ದಿ ಇಯರ್' ಪ್ರಶಸ್ತಿ ಕೊಟ್ಟಿತು, ಅದು ಒಬ್ಬ ಹೆಂಗಸಿಗೆ ಸಿಕ್ಕಿದ್ದು ಅದೇ ಮೊದಲು. ಚಪ್ಪಾಳೆ ಜಾಸ್ತಿ ಆಗುತ್ತಿದ್ದ ಹೊತ್ತಿಗೇ ಪೆನ್ನು ಕೆಳಗೆ ಹೋಗುತ್ತಿತ್ತು. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತದೆ. ನೀನೂ ಇವತ್ತೋ ನಾಳೆಯೋ ಒಪ್ಪಂದಕ್ಕೆ ಸಹಿ ಹಾಕುವವಳು. 'ಶಾಶ್ವತವಾಗಿ', 'ಎಲ್ಲ ಮಾಧ್ಯಮಗಳಲ್ಲಿ' ಅಂತ ಇರುವ ಸಾಲುಗಳನ್ನು ನಿಧಾನವಾಗಿ ಓದು. ಅರ್ಥವಾಗದಿದ್ದರೆ ಗೊತ್ತಿರುವ ವಕೀಲರಿಗೆ ತೋರಿಸು. ಕೊಟ್ಟವರು ಒಳ್ಳೆಯವರು ಅನ್ನುವ ಕಾರಣಕ್ಕೆ ಓದದೆ ಸಹಿ ಹಾಕಬೇಡ.

ಆಕೆ ಮತ್ತೆ ಬರೆದಳು ಅನ್ನುವುದನ್ನೂ ಹೇಳಬೇಕು. 2004ರಲ್ಲಿ, 72ನೇ ವಯಸ್ಸಿಗೆ, 'ವ್ಯಾನ್ ಲಿಯರ್ ರೋಸ್' ಆಲ್ಬಂ ಬಂತು. ಮಗನಿಗಿಂತ ಚಿಕ್ಕ ವಯಸ್ಸಿನ ರಾಕ್ ಸಂಗೀತಗಾರ ಜ್ಯಾಕ್ ವೈಟ್ ಅದರ ನಿರ್ಮಾಪಕ. ಹಾಡುಗಳು ಆಕೆಯವೇ. ಎರಡು ಗ್ರ್ಯಾಮಿ ಬಂದವು. ಪ್ರಶಸ್ತಿ ಪಕ್ಕಕ್ಕಿಡು, ಶೀರ್ಷಿಕೆ ಹಾಡು ಕೇಳು: ಅಪ್ಪ ಅಮ್ಮನ ಪ್ರೇಮದ ಕಥೆ, ಆ ಗಣಿ ಊರಿನದೇ. ಅಪ್ಪ 1959ರಲ್ಲೇ ತೀರಿಕೊಂಡಿದ್ದ, ಮಗಳ ಒಂದು ರೆಕಾರ್ಡನ್ನೂ ಕೇಳಲಿಲ್ಲ. ಅಪ್ಪನ ಬಗ್ಗೆ ಬರೆಯುವುದು ಆಕೆಗೆ ಒಂದು ಹಾಡಿಗೆ ಮುಗಿಯಲಿಲ್ಲ.

ಮುಂದಿನ ಕರಡನ್ನು ಹುಟ್ಟಿದ ದಿನದಿಂದ ಶುರು ಮಾಡಬೇಡ. ನೇರವಾಗಿ ವೇದಿಕೆ ಹಿಂದಿನ ಆ ಕೋಣೆಯಿಂದಲೋ ರೇಡಿಯೋ ಸ್ಟೇಷನ್ ಬಾಗಿಲಿಂದಲೋ ಶುರು ಮಾಡು. ಪ್ರಶಸ್ತಿಗಳ ಪಟ್ಟಿಯನ್ನು ಪೂರ್ತಿ ತೆಗೆದುಬಿಡು. ಕಂಟ್ರಿ ಗಾಯಕಿ ಪ್ಯಾಟ್ಸಿ ಕ್ಲೈನ್ ಜೊತೆಗಿನ ಸ್ನೇಹವನ್ನು ಮಾತ್ರ ಎಲ್ಲಿಡಬೇಕು ಅಂತ ನನಗೂ ಇನ್ನೂ ತೀರ್ಮಾನ ಆಗಿಲ್ಲ. ಅಪಘಾತವಾಗಿ ಆಸ್ಪತ್ರೆಯಲ್ಲಿದ್ದ ಪ್ಯಾಟ್ಸಿಗೆ ಅಂತ ಲೊರೆಟಾ ರೇಡಿಯೋದಲ್ಲಿ ಹಾಡಿದ್ದು, ಕೇಳಿದ ಪ್ಯಾಟ್ಸಿ ಅವಳನ್ನು ಕರೆಸಿಕೊಂಡಿದ್ದು 1961ರ ಮಾತು. 1963ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ಪ್ಯಾಟ್ಸಿ ಹೋಗಿಬಿಟ್ಟಳು. ಅಷ್ಟು ಕಡಿಮೆ ಕಾಲದ ಸ್ನೇಹವನ್ನು ಲೊರೆಟಾ ಕೊನೆಯವರೆಗೂ ನೆನೆದಳು, ಮಗಳಿಗೆ ಅದೇ ಹೆಸರಿಟ್ಟಳು. ಬರೆದು ನೋಡು, ಜಾಗ ಎಲ್ಲಿ ಅಂತ ಬರೆಯುವಾಗ ತಿಳಿಯಬಹುದು. ತಿಳಿಯದಿದ್ದರೆ ಫೋನ್ ಮಾಡು, ಸಂಜೆ ಹೊತ್ತು ಮನೆಯಲ್ಲೇ ಇರುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ