ಸತ್ತವರ ಹೆಸರಿಗೂ ಕಲ್ಲಿನ ಮೇಲೆ ಜಾಗ ಬಿಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಮ್ಮ ಭಾಗದ ಹಿರಿಯ ರಂಗಕಲಾವಿದರೊಬ್ಬರ ಮಣ್ಣಿಗೆ ಹೋಗಿದ್ದೆ. ಕುಣಿಗೆ ಇನ್ನೂ ಮಣ್ಣು ಎಳೆಯುತ್ತಿದ್ದರು, ಆಗಲೇ ಮೂವರು ಮುಖಂಡರು ಒಬ್ಬರಾದ ಮೇಲೆ ಒಬ್ಬರು ಮಾತನಾಡಿದರು. ಮೂವರೂ ಸ್ಮಾರಕ ಕಟ್ಟಿಸುವ ಭರವಸೆ ಕೊಟ್ಟರು. ಪತ್ರಿ ಹಾಕಿ ಕೈಮುಗಿಯುವಾಗ ನನಗೆ ಬಂದದ್ದು ಒಂದೇ ಯೋಚನೆ. ಆ ಸ್ಮಾರಕದ ಕಲ್ಲು ಬಂದರೆ ನನ್ನಂಥವನ ಅಂಗಡಿಗೇ ಬರಬೇಕು. ಬಂದಾಗ ಅದರ ಮೇಲೆ ಯಾರ ಹೆಸರು ಬರೆಸುತ್ತಾರೆ?

ನಾನು ಬಳ್ಳಾರಿಯಲ್ಲಿ ಕಲ್ಲಿನ ಮೇಲೆ ಅಕ್ಷರ ಕೆತ್ತುವವನು. ನಲವತ್ತೊಂದು ವರ್ಷದಿಂದ ಇದೇ ಕೆಲಸ. ಸಮಾಧಿಯ ಕಲ್ಲು, ಗೋರಿಯ ಕಲ್ಲು, ಚರ್ಚಿನ ಸ್ಮಶಾನದ ಶಿಲುಬೆ, ಗುಡಿಯ ದಾನಿಗಳ ಪಟ್ಟಿ, ಶಂಕುಸ್ಥಾಪನೆಯ ಫಲಕ ಎಲ್ಲವೂ ನನ್ನ ಕೈ ಕೆಳಗೆ ಬಂದು ಹೋಗಿವೆ. ಮೊದಲು ಶಹಾಬಾದ್ ಕಲ್ಲು ತರುತ್ತಿದ್ದರು. ಅದು ಅಗ್ಗ, ಆದರೆ ಹತ್ತು ಮಳೆಗಾಲಕ್ಕೆ ಪದರ ಎದ್ದು ಅಕ್ಷರ ಉದುರುತ್ತದೆ. ಈಗ ಎಲ್ಲರಿಗೂ ಕರಿ ಗ್ರಾನೈಟ್ ಬೇಕು, ಮುಖ ಕಾಣುವ ಹಾಗೆ ಪಾಲಿಶ್ ಬೇಕು. ಸ್ಟಿಕ್ಕರ್ ಅಂಟಿಸಿ ಮರಳು ಹೊಡೆಯುವ ಯಂತ್ರವೂ ಬಂದಿದೆ. ಅದರ ಅಕ್ಷರ ಚೆಂದ ನಿಜ, ಆದರೆ ಕಂಪ್ಯೂಟರಿನವನಿಗೆ ಅರ್ಕಾವತ್ತು ಎಲ್ಲಿ ಕೂರಬೇಕೆಂದು ತಿಳಿಯದಿದ್ದರೆ ತಪ್ಪೂ ಅಷ್ಟೇ ಚೆಂದವಾಗಿ ಕಲ್ಲಿನಲ್ಲಿ ಕೂರುತ್ತದೆ. ನಾನು ಈಗಲೂ ಸಣ್ಣ ಅಕ್ಷರವನ್ನು ಉಳಿಯಿಂದಲೇ ಕೆತ್ತುತ್ತೇನೆ.

ವಿಷಯಕ್ಕೆ ಬರುತ್ತೇನೆ. ಆರೇಳು ವರ್ಷದ ಹಿಂದೆ ಒಂದು ಸಂಘದವರು ಒಬ್ಬ ಬಯಲಾಟದ ಕಲಾವಿದರ ಸಮಾಧಿಗೆ ಕಲ್ಲು ಮಾಡಿಸಲು ಬಂದರು. ಸಂಘದ ಹೆಸರು ಬೇಡ. ಎರಡಡಿ ಅಗಲ, ಮೂರಡಿ ಎತ್ತರದ ಕಲ್ಲು. ಅವರು ಕೊಟ್ಟ ಕಾಗದದಲ್ಲಿ ಅನಾವರಣ ಮಾಡುವವರು, ಅಧ್ಯಕ್ಷತೆ ವಹಿಸುವವರು, ಘನ ಉಪಸ್ಥಿತಿಯವರು, ವಿಶೇಷ ಆಹ್ವಾನಿತರು, ಗುತ್ತಿಗೆದಾರರು ಸೇರಿ ಹತ್ತೊಂಬತ್ತು ಹೆಸರಿದ್ದವು. ಎಲ್ಲರಿಗೂ ‘ಶ್ರೀ’, ಎಲ್ಲರಿಗೂ ಹುದ್ದೆ. ಸತ್ತವರಿಗೆ ಒಂದೇ ಸಾಲು. ಹುಟ್ಟಿದ್ದು, ತೀರಿಕೊಂಡದ್ದು ಯಾವಾಗ ಎಂದು ಕೇಳಿದೆ. ‘ಅದೆಲ್ಲ ಊರಿಗೇ ಗೊತ್ತಿದೆ, ಜಾಗವೂ ಇಲ್ಲ’ ಎಂದರು. ಜಾಗ ಇಲ್ಲ ಎಂದದ್ದು ಮಾತ್ರ ನಿಜ.

ಎರಡು ದಿನದ ಮೇಲೆ ಆ ಕಲಾವಿದರ ಮಗಳು ಬಂದಳು. ಕಲ್ಲಿನ ಮುಂದೆ ಕೂತು ಓದಿದಳು. ಕೊನೆಗೆ, ‘ಅಪ್ಪ ದುರ್ಯೋಧನನ ಪಾತ್ರ ಮಾಡುತ್ತಿದ್ದರು, ಅದೊಂದು ಮಾತು ಎಲ್ಲಿಯಾದರೂ ಬರುತ್ತದೆಯೇ ಅಣ್ಣಾ?’ ಎಂದಳು. ಕಲ್ಲಿನ ಕೆಳ ಅಂಚಿನಲ್ಲಿ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಅರ್ಧ ಇಂಚಿಗಿಂತ ಸಣ್ಣ ಅಕ್ಷರ ಕೆತ್ತುವಾಗ ಒತ್ತಕ್ಷರ ಹಾರಿಹೋಗುವ ಭಯ. ‘ರ್ಯೋ’ ಎಂಬುದಂತೂ ಒಂದೇ ಅಕ್ಷರದಲ್ಲಿ ನಾಲ್ಕು ಕೆಲಸ. ಉಸಿರು ಬಿಗಿಹಿಡಿದು ‘ದುರ್ಯೋಧನ ಪಾತ್ರಧಾರಿ’ ಎಂದು ಕೆತ್ತಿ ಬಿಳಿ ಬಣ್ಣ ತುಂಬಿದೆ. ಸಂಘದವರು ಕಲ್ಲು ಒಯ್ಯಲು ಬಂದಾಗ, ಹೇಳದೆ ಯಾಕೆ ಹಾಕಿದೆ ಎಂದು ಜಗಳ ತೆಗೆದರು. ಆ ಸಾಲಿಗೆ ದುಡ್ಡು ಕೇಳುವುದಿಲ್ಲ ಎಂದ ಮೇಲೆ ಸುಮ್ಮನಾದರು. ನಮ್ಮಲ್ಲಿ ಅಕ್ಷರದ ಲೆಕ್ಕದಲ್ಲಿ ಕೂಲಿ. ಒತ್ತಕ್ಷರವನ್ನು ಎಣಿಸಬಾರದು ಎಂದು ಚೌಕಾಸಿ ಮಾಡುವವರೂ ಇದ್ದಾರೆ, ಅದು ಬೇರೆ ಕತೆ.

ಮುಂದಿನ ವರ್ಷ ಅವರೇ ತಿರುಗಿ ಬಂದರು. ಹತ್ತೊಂಬತ್ತರಲ್ಲಿ ಒಬ್ಬರು ಬೇರೆ ಪಕ್ಷಕ್ಕೆ ಹೋಗಿದ್ದರಂತೆ, ಅವರ ಹೆಸರನ್ನು ಅಳಿಸಬೇಕಂತೆ. ಗ್ರಾನೈಟಿನ ಮೇಲೆ ಬರೆದದ್ದು ಹಲಗೆಯ ಮೇಲೆ ಬರೆದಂತಲ್ಲ, ಇಡೀ ಮುಖವನ್ನೇ ಉಜ್ಜಿ ಇಳಿಸಬೇಕು ಎಂದೆ. ಅಷ್ಟು ಖರ್ಚು ಮಾಡಲು ಮನಸ್ಸಿಲ್ಲದೆ ಆ ಸಾಲಿಗೆ ಕರಿ ಸಿಮೆಂಟ್ ತುಂಬಿಸಿದರು. ಒಂದೇ ಮಳೆಗಾಲಕ್ಕೆ ಸಿಮೆಂಟ್ ಕಿತ್ತು ಹೋಗಿ ಆ ಮಹಾಶಯರು ಮತ್ತೆ ಘನ ಉಪಸ್ಥಿತರಾದರು.

ಒಳ್ಳೆಯ ಕಲ್ಲು ಹೇಗಿರಬೇಕು ಎಂದು ಕೇಳಿದವರಿಗೆ ನಾನು ಕೊಪ್ಪಳಕ್ಕೆ ಹೋಗಿ ಬನ್ನಿ ಎನ್ನುತ್ತೇನೆ. ಅಲ್ಲಿಯ ಪಲ್ಲಕ್ಕಿಗುಂಡು ಬೆಟ್ಟದಲ್ಲಿ ಅಶೋಕನ ಶಾಸನ ಇರುವುದು ಎಲ್ಲರಿಗೂ ಗೊತ್ತು. ಅದೇ ಬೆಟ್ಟದಲ್ಲಿ ಬಂಡೆಯ ಮೇಲೆ ಕೆತ್ತಿದ ಎರಡು ಪಾದಗಳಿವೆ. ಸಂಸ್ಕೃತದಲ್ಲಿ ವರಾಂಗಚರಿತ ಬರೆದ ಜೈನ ಕವಿ ಜಟಾಸಿಂಹನಂದಿ ಆಚಾರ್ಯರ ಪಾದಗಳವು. ಕೊಪ್ಪಳ ಜೈನರಿಗೆ ದೊಡ್ಡ ತೀರ್ಥ, ಸಲ್ಲೇಖನ ವ್ರತ ಹಿಡಿದು, ಅಂದರೆ ಉಪವಾಸವಿದ್ದು, ದೇಹ ಬಿಟ್ಟವರ ನಿಸಿದಿಗಳು ಎಂಬ ನೆನಪಿನ ಕಲ್ಲುಗಳು ಅಲ್ಲಿ ಸಾಕಷ್ಟಿವೆ. ಪಾದಗಳ ಬಳಿ ಹಳಗನ್ನಡದ ಒಂದು ವಾಕ್ಯವಿದೆ. ಜಟಾಸಿಂಗನಂದಿ ಆಚಾರ್ಯರ ಪಾದವನ್ನು ಚಾವಯ್ಯ ಮಾಡಿಸಿದ ಎಂಬುದು ಅದರ ಅರ್ಥ. ಅಷ್ಟೇ. ದುಡ್ಡು ಕೊಟ್ಟ ಚಾವಯ್ಯನ ಹೆಸರೂ ಇದೆ ನೋಡಿ, ನಾನು ಅದಕ್ಕೆ ಅಡ್ಡಿ ಹೇಳುವುದಿಲ್ಲ. ಆದರೆ ಮೊದಲು ಆಚಾರ್ಯರು, ಆಮೇಲೆ ಚಾವಯ್ಯ. ಅವನ ಹುದ್ದೆ ಇಲ್ಲ, ಅವನ ಹಿಂದೆ ಹದಿನೆಂಟು ಜನ ಇಲ್ಲ. ಒಮ್ಮೆ ಹೋದಾಗ ಆ ಅಕ್ಷರಗಳ ಮೇಲೆ ಬೆರಳಾಡಿಸಿದ್ದೇನೆ. ಎಷ್ಟು ಶತಮಾನದ ಬಿಸಿಲು ಕುಡಿದರೂ ಬೆರಳಿಗೆ ಸಿಗುತ್ತವೆ. ಕೆತ್ತಿದವನ ಹೆಸರು ಮಾತ್ರ ಇಲ್ಲ, ನಮ್ಮ ಕಸುಬಿನ ಹಣೆಬರಹ ಆಗಲೂ ಹೀಗೇ ಇತ್ತು.

ಹೆಸರಿಲ್ಲದ ಸಮಾಧಿಗಳ ಕತೆಯೂ ನಮ್ಮಲ್ಲಿ ಕಡಿಮೆ ಇಲ್ಲ. ಗಂಗಾವತಿ ಕಡೆಯ ಹಿರೇಬೆಣಕಲ್ಲಿನ ಗುಡ್ಡದಲ್ಲಿ ಕಬ್ಬಿಣ ಯುಗದವರು ಕಟ್ಟಿದ ನಾಲ್ಕುನೂರರಷ್ಟು ಕಲ್ಮನೆಗಳಿವೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಇಂದಿನ ಹತಾರ ಕೊಟ್ಟರೂ ಆ ಕಿಂಡಿಯನ್ನು ಚಪ್ಪಡಿ ಸೀಳದಂತೆ ಕೊರೆಯುವುದು ಸುಲಭವಲ್ಲ ಎಂದು ಕಲ್ಲು ಬಲ್ಲವನಾಗಿ ಹೇಳುತ್ತೇನೆ. ಅಲ್ಲಿ ಮಲಗಿದವರು ದೊರೆಗಳೋ ಕುರುಬರೋ ಯಾರೂ ಹೇಳಲಾರರು, ಅವರಿಗೆ ಅಕ್ಷರವಿರಲಿಲ್ಲ. ಆನೆಗೊಂದಿಯ ಹೊಳೆಯಲ್ಲಿರುವ ಅರವತ್ತನಾಲ್ಕು ಕಂಬದ ಮಂಟಪವನ್ನು ಜನ ಕೃಷ್ಣದೇವರಾಯನ ಸಮಾಧಿ ಎನ್ನುತ್ತಾರೆ. 1529ರಲ್ಲಿ ತೀರಿಕೊಂಡ ಆ ರಾಯನ ಕಾಲದಲ್ಲಿ ಊರೂರಿಗೆ ಶಾಸನ ಹಾಕಿಸಿದ್ದಾರೆ. ಆದರೆ ಈ ಮಂಟಪ ಅವನದು ಹೌದು ಎನ್ನಲು ನಮಗಿರುವುದು ಜನರ ಬಾಯಿಮಾತು. ತುಂಗಭದ್ರೆ ತುಂಬಿ ಬಂದರೆ ಮಂಟಪವೂ ಮುಳುಗುತ್ತದೆ.

ನಮ್ಮ ಬಳ್ಳಾರಿಯ ಕೋಟೆಯಲ್ಲೂ ಇಂಥದೊಂದಿದೆ. ಹೈದರಾಲಿಗಾಗಿ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರ್, ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವಿದೆ ಎಂಬುದನ್ನು ಗಮನಿಸಲಿಲ್ಲವಂತೆ. ಸಿಟ್ಟಾದ ಹೈದರ್ ಅವನನ್ನು ಗಲ್ಲಿಗೇರಿಸಿದನಂತೆ. ಪೂರ್ವ ಬಾಗಿಲ ಬಳಿಯ ಗೋರಿ ಅವನದೇ ಅಂತೆ. ಅಲ್ಲ, ಅದು ಒಬ್ಬ ಮುಸ್ಲಿಂ ಹಿರಿಯರದು ಎನ್ನುವವರೂ ಇದ್ದಾರೆ. ಒಂದು ಸಾಲು ಬರಹ ಇದ್ದಿದ್ದರೆ ಇಷ್ಟೊಂದು ‘ಅಂತೆ’ ಬೇಕಾಗುತ್ತಿರಲಿಲ್ಲ. ಹೆಸರು ಗೊತ್ತಿದ್ದ ಮಾತ್ರಕ್ಕೆ ಸಮಾಧಿಗೆ ರಕ್ಷಣೆ ಸಿಗುತ್ತದೆ ಎಂದೂ ಅಲ್ಲ. 2019ರ ಜುಲೈಯಲ್ಲಿ ನಿಧಿಯ ಆಸೆಗೆ ಬಿದ್ದವರು ಆನೆಗೊಂದಿಯ ನವಬೃಂದಾವನದಲ್ಲಿ ಮಾಧ್ವ ಯತಿ ವ್ಯಾಸರಾಜರ ಬೃಂದಾವನವನ್ನೇ, ಅಂದರೆ ಸಮಾಧಿಯನ್ನೇ, ಅಗೆದು ಹಾಕಿದ್ದರು. ಅದು ಭಕ್ತರಿರುವ ಜಾಗವಾದ್ದರಿಂದ ಕೂಡಲೇ ಮತ್ತೆ ಎದ್ದು ನಿಂತಿತು. ಭಕ್ತರಿಲ್ಲದ ನಟನ ಸಮಾಧಿಗೆ ಯಾರು ಬರುತ್ತಾರೆ?

ಬಳ್ಳಾರಿಯನ್ನು ನಾಟಕದ ಊರು ಮಾಡಿದವರು ವಕೀಲರು ಎಂಬುದು ಇಂದಿನ ಹುಡುಗರಿಗೆ ಆಶ್ಚರ್ಯ. ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912), ಕೋಲಾಚಲಂ ಶ್ರೀನಿವಾಸರಾಯರು (1854–1919) ಇಬ್ಬರೂ ಇಲ್ಲಿಯ ವಕೀಲರು. ಒಬ್ಬರದು ಸರಸವಿನೋದಿನಿ ಸಭಾ, ಇನ್ನೊಬ್ಬರದು ಸುಮನೋರಮಾ ಸಭಾ. ಹಗಲು ಕೋರ್ಟಿನಲ್ಲಿ ವಾದ, ರಾತ್ರಿ ರಂಗದ ಮೇಲೆ ಪೈಪೋಟಿ. ಧರ್ಮವರಂ ಅವರ ಸೋದರಳಿಯ ಬಳ್ಳಾರಿ ರಾಘವರೂ (1880–1946) ವಕೀಲರೇ. ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಪಾತ್ರ ಮಾಡಿದವರು. 1981ರಲ್ಲಿ ಅವರ ಅಂಚೆಚೀಟಿ ಬಂತು, ಊರಿನಲ್ಲಿ ರಾಘವ ಕಲಾಮಂದಿರವಿದೆ. ಗಮಕಿ, ನಟ ಜೋಳದರಾಶಿ ದೊಡ್ಡನಗೌಡರ ಹೆಸರಿನ ರಂಗಮಂದಿರವಿದೆ. ರಾಯಚೂರಿನಲ್ಲಿ ಗಾಯಕ ಪಂಡಿತ ಸಿದ್ದರಾಮ ಜಂಬಲದಿನ್ನಿಯವರ ಹೆಸರಿನದಿದೆ. ಮಂದಿರಕ್ಕೆ ಹೆಸರಿಟ್ಟದ್ದು ಒಳ್ಳೆಯದೇ. ಆದರೆ ಮದುವೆಯ ಊಟಕ್ಕೆ, ಬಹುಮಾನ ಹಂಚುವ ಸಭೆಗೆ ಒಳಗೆ ಹೋಗುವವರಲ್ಲಿ ಹತ್ತು ಜನರನ್ನು ನಿಲ್ಲಿಸಿ, ಈ ರಾಘವ ಯಾರು ಎಂದು ಕೇಳಿ ನೋಡಿ. ಒಬ್ಬ ಹುಡುಗ ನನಗೆ ರಾಘವೇಂದ್ರಸ್ವಾಮಿಗಳು ಎಂದು ಉತ್ತರ ಕೊಟ್ಟ.

ಸುಡುವ ಸಂಪ್ರದಾಯದವರಿಗೆ ಸಮಾಧಿಯಿಲ್ಲ, ಕಲ್ಲು ಎಲ್ಲಿ ಹಾಕುವುದು ಎಂದು ಕೇಳುವವರಿದ್ದಾರೆ. ಇದ್ದ ಮನೆಯ ಗೋಡೆಗೆ ಹಾಕಿ. ಮನೆ ಬಿದ್ದು ಕಾಂಪ್ಲೆಕ್ಸ್ ಎದ್ದಿದ್ದರೆ ಅದರ ಗೋಡೆಗೇ ಹಾಕಿ. ವಕೀಲರಾಗಿದ್ದರೆ ಕೋರ್ಟಿನ ಆವರಣ ಇದ್ದೇ ಇದೆ. ಒಂದಡಿ ಕಲ್ಲು ಸಾಕು. ಹೆಸರು, ಎರಡು ಇಸವಿ, ಮಾಡಿದ ಕೆಲಸ.

ಒಂದಡಿಗಿಂತ ದೊಡ್ಡದು ಬೇಕೇ ಬೇಕು ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಭ್ರಮಕ್ಕೆ ಹಾಕಿದ್ದ ಚಪ್ಪರವನ್ನು ರಾತ್ರಿ ಕಾಯುತ್ತಿದ್ದ ರಂಜಾನ್ ಸಾಹೇಬರು ದುಷ್ಕರ್ಮಿಗಳ ದಾಳಿಗೆ ಸಿಕ್ಕು ಪ್ರಾಣ ಬಿಟ್ಟರು. ನವೆಂಬರಿನ ಭಾಷಣಗಳಲ್ಲಿ ಅವರನ್ನು ಹುತಾತ್ಮರೆಂದು ನೆನೆಯುತ್ತಾರೆ. ‘ತಾತಾ, ಅವರು ಏನು ಮಾಡಿದರು?’ ಎಂದು ನನ್ನ ಮೊಮ್ಮಗ ಕೇಳಿದ. ಬಳಪ ತೆಗೆದುಕೊಂಡು ಒಡೆದ ಕಡಪಾ ಕಲ್ಲಿನ ತುಂಡಿನ ಮೇಲೆ ಬರೆದು ತೋರಿಸಿದೆ: ‘ರಂಜಾನ್ ಸಾಹೇಬ್. 1953. ಕನ್ನಡ ನಾಡಿನ ಚಪ್ಪರ ಕಾಯುತ್ತ ಜೀವ ಕೊಟ್ಟವರು.’ ಹುಡುಗ ಒಂದೇ ಸಲ ಓದಿ ತಿಳಿದುಕೊಂಡ. ಆ ತುಂಡು ಇನ್ನೂ ಅಂಗಡಿಯಲ್ಲೇ ಇದೆ, ಒರೆಸಲು ಮನಸ್ಸು ಬಂದಿಲ್ಲ.

ದ್ರೌಪದಿಯ ಪಾತ್ರದಿಂದ ನಾಡಿಗೆಲ್ಲ ಹೆಸರಾದ ಸುಭದ್ರಮ್ಮ ಮನ್ಸೂರು 2020ರಲ್ಲಿ ಹೋದರು. ತೊಗಲುಗೊಂಬೆಯಲ್ಲಿ ಗಾಂಧೀಜಿಯನ್ನೂ ಕುಣಿಸಿದ ಬೆಳಗಲ್ಲು ವೀರಣ್ಣನವರು 2023ರ ಏಪ್ರಿಲಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇವರ ಆಟ ಕಣ್ಣಾರೆ ಕಂಡವರು ಇನ್ನೂ ಬದುಕಿದ್ದೇವೆ; ಇಸವಿ ತಪ್ಪದಂತೆ ಬರೆಸಲು ಇದೇ ಹೊತ್ತು. ಹಿಂದೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1905ರಲ್ಲಿ ಕಾಟನ್ ಎಂಬ ಬ್ರಿಟಿಷ್ ಅಧಿಕಾರಿ ಪ್ರಾಂತ್ಯದ ಗೋರಿ, ಸ್ಮಾರಕಗಳ ಮೇಲಿನ ಬರಹಗಳನ್ನು ಒಟ್ಟು ಮಾಡಿ ಅಚ್ಚು ಹಾಕಿಸಿದ. ಹೆಚ್ಚಿನವು ಅವನ ಕಡೆಯ ಯುರೋಪಿಯನ್ನರದೇ, ಇರಲಿ. ಎಲ್ಲಿ ಹೂತದ್ದು, ಕಲ್ಲು ಏನು ಹೇಳುತ್ತದೆ, ಸತ್ತವನು ಯಾರು ಎಂದು ಬರೆದಿಟ್ಟ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರು ಜಿಲ್ಲೆಗಳ ನಟರು, ಗಾಯಕರು, ಕವಿಗಳು, ಹೋರಾಟಗಾರರು, ವಕೀಲರ ಪಟ್ಟಿಯೊಂದನ್ನು ನಮ್ಮವರು ಹಾಗೆ ಮಾಡಿದರೆ ಒಂದು ನೋಟ್‌ಬುಕ್ಕು, ಒಂದು ಬೈಕು, ಒಬ್ಬ ತಾಳ್ಮೆಯ ಮನುಷ್ಯ ಸಾಕು. ಸಂಸ್ಕೃತಿ ಇಲಾಖೆಯವರು ಇದನ್ನು ಓದಿದರೆ ಸಂತೋಷ. ಅನಾವರಣದ ಗಣ್ಯರಿಗೆ ಆಹ್ವಾನಪತ್ರಿಕೆ ಇದ್ದೇ ಇರುತ್ತದೆ, ಅವರ ಹೆಸರು ಅದರಲ್ಲಿ ಮೆರೆಯಲಿ.

ಬರೀ ಉಪದೇಶ ಆಗಬಾರದಲ್ಲ. ಈ ಮೂರು ಜಿಲ್ಲೆಯ ಯಾವುದೇ ಕಲಾವಿದರ, ಹೋರಾಟಗಾರರ ಸಮಾಧಿಗೆ ಅಥವಾ ಮನೆಗೆ ಇಂಥ ಕಲ್ಲು ಹಾಕುವುದಾದರೆ ಕಲ್ಲನ್ನು ನೀವು ತನ್ನಿ, ಕೆತ್ತನೆಯ ಕೂಲಿ ನನಗೆ ಬೇಡ. ಕುಷ್ಟಗಿ ಕಡೆಯ ಕೆಂಪು ಗ್ರಾನೈಟ್ ಆದರೆ ಅಕ್ಷರಕ್ಕೆ ಬಿಳಿ ಬಣ್ಣ ಚೆನ್ನಾಗಿ ಒಪ್ಪುತ್ತದೆ. ಗಣ್ಯರ ಹೆಸರು ಬೇಕಾದರೆ ಅವಕ್ಕೆ ಮಾತ್ರ ಅಕ್ಷರದ ಲೆಕ್ಕ, ಒತ್ತಕ್ಷರವನ್ನೂ ಸೇರಿಸಿ.

ಒಂದೇ ಒಂದು ವಿನಂತಿ. ಇಸವಿಯನ್ನು ಫೋನಿನಲ್ಲಿ ಹೇಳಬೇಡಿ. ಹಿಂದೊಮ್ಮೆ ಗದ್ದಲದಲ್ಲಿ ‘ಎಂಬತ್ತೆರಡು’ ಎಂದದ್ದು ನನ್ನ ಕಿವಿಗೆ ‘ತೊಂಬತ್ತೆರಡು’ ಎಂದು ಬಿದ್ದು, ಒಬ್ಬ ಹಾರ್ಮೋನಿಯಂ ಮೇಷ್ಟ್ರು ಸತ್ತ ವರ್ಷವನ್ನು ತಪ್ಪಾಗಿ ಕೆತ್ತಿಬಿಟ್ಟೆ. ತಪ್ಪು ನನ್ನದೇ. ಬೇರೆ ಕಲ್ಲು ಮಾಡಿಕೊಡುತ್ತೇನೆ ಎಂದರೂ ಅವರ ಮಗ ಒಪ್ಪಲಿಲ್ಲ. ‘ಇರಲಿ ಬಿಡಿ, ಅಪ್ಪ ಇನ್ನೂ ಹತ್ತು ವರ್ಷ ಬಾರಿಸಿದಂತಾಯಿತು’ ಎಂದು ಅದನ್ನೇ ಒಯ್ದರು. ಇಂದಿಗೂ ಆ ಸ್ಮಶಾನಕ್ಕೆ ಹೋದರೆ ಆ ಕಲ್ಲಿನ ಕಡೆ ನೋಡದೆ ಬರುತ್ತೇನೆ. ಆದ್ದರಿಂದ ಹೆಸರು, ಇಸವಿ ಎರಡನ್ನೂ ಕಾಗದದ ಮೇಲೆ ಬಿಡಿಸಿ ಬರೆದು ತನ್ನಿ. ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ.

— ಅಕ್ಷರ ಕೆತ್ತುವವನು, ಕೌಲ್ ಬಜಾರ್, ಬಳ್ಳಾರಿ