ನೋಟೊದ ಮುಖ ನೋಡಿದಿರಿ, ಕಂಬದ ಒಳಗೂ ನೋಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಟಲಿಯ ಸಿಸಿಲಿ ದ್ವೀಪದ ಬರೋಕ್ (ಅಲಂಕಾರ ತುಂಬಿದ ಹಳೆಯ ಯುರೋಪಿನ ಕಟ್ಟಡ ಶೈಲಿ) ಊರುಗಳ ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಭೂಕಂಪ ಕೊಟ್ಟ ಕೊಡುಗೆ’ ಅನ್ನುವ ತಲೆಬರಹ ನನಗೆ ಹಿಡಿಸಲಿಲ್ಲ. ಒಬ್ಬ ಡ್ಯೂಕ್ ಬಂದ, ನಕ್ಷೆ ಹಾಕಿದ, ನೋಡನೋಡುತ್ತಿದ್ದಂತೆ ಚಿನ್ನದ ಬಣ್ಣದ ಊರು ಎದ್ದು ನಿಂತಿತು ಅನ್ನುವ ಧಾಟಿಯಂತೂ ಇನ್ನೂ ಹಿಡಿಸಲಿಲ್ಲ. ಆ ಊರುಗಳು ಹಾಗೆ ಎದ್ದದ್ದಲ್ಲ. ಜನ ವರ್ಷಗಟ್ಟಲೆ ಕಿತ್ತಾಡಿ, ಮೊಮ್ಮಕ್ಕಳ ಕಾಲದವರೆಗೆ ಎಳೆದಾಡಿ, ಕೆಲವು ಕಡೆ ಕೆಲಸವನ್ನೂ ಕೆಡಿಸಿಕೊಂಡು ಕಟ್ಟಿದ್ದು.

ಮೊದಲು ಆ ‘ಕೊಡುಗೆ’ ಏನು ಅಂತ ನೋಡಿ. 1693ರ ಜನವರಿ 9ರಂದು ಒಮ್ಮೆ ನೆಲ ನಡುಗಿತು. 11ರ ಭಾನುವಾರ ಬಂದದ್ದೇ ದೊಡ್ಡದು. ಸಿಸಿಲಿಯ ಪೂರ್ವ ಭಾಗದಲ್ಲಿ ಸುಮಾರು 60,000 ಜನ ಸತ್ತರು. ಕತಾನಿಯಾ ಊರೊಂದರಲ್ಲೇ ಮೂರರಲ್ಲಿ ಎರಡು ಪಾಲು ಜನ ಹೋದರು ಅನ್ನುತ್ತಾರೆ. ಪ್ರಾರ್ಥನೆಗೆಂದು ಕೆಥೆಡ್ರಲ್, ಅಂದರೆ ಊರಿನ ಮುಖ್ಯ ಚರ್ಚಿನ ಒಳಗೆ ಸೇರಿದ್ದವರ ಮೇಲೆ ಆ ಕೆಥೆಡ್ರಲ್ಲೇ ಕುಸಿಯಿತು. ಇದನ್ನು ಕೊಡುಗೆ ಅನ್ನೋಕೆ ಬಾಯಿ ಹೇಗೆ ಬರುತ್ತೆ?

ಡ್ಯೂಕ್ ವಿಷಯಕ್ಕೆ ಬರುತ್ತೇನೆ. ಜುಸೆಪ್ಪೆ ಲಾಂಝಾ, ಕಾಮಾಸ್ತ್ರಾದ ಡ್ಯೂಕ್. ಆಗ ಸಿಸಿಲಿ ಸ್ಪೇನ್ ದೊರೆಯ ಕೈಯಲ್ಲಿತ್ತು, ಅಲ್ಲಿನ ವೈಸ್‌ರಾಯ್ ಇವನನ್ನು ಕಳಿಸಿದ. ಕೋಟೆ ಕಟ್ಟುವ ಸೈನ್ಯದ ಇಂಜಿನಿಯರ್‌ಗಳೂ ಕೆಲಸಕ್ಕೆ ಇಳಿದರು. ಒಳ್ಳೆಯ ಕೆಲಸ ಮಾಡಿದ್ದಾನೆ, ನಾನೇನು ಇಲ್ಲ ಅನ್ನುತ್ತಿಲ್ಲ. ಕತಾನಿಯಾದಲ್ಲಿ ಹಳೆಯ ಇಕ್ಕಟ್ಟು ಓಣಿಗಳ ಜಾಗದಲ್ಲಿ ನೇರವಾದ ಅಗಲ ರಸ್ತೆ ಹಾಕಿಸಿ, ನಡುನಡುವೆ ದೊಡ್ಡ ಚೌಕಗಳನ್ನು ಬಿಡಿಸಿದ. ಮನೆ ಉರುಳಿದರೂ ರಸ್ತೆ ಪೂರ್ತಿ ಮುಚ್ಚಿಹೋಗಬಾರದು, ಓಡಿ ಬಂದವರಿಗೆ ನಿಲ್ಲೋಕೆ ಬಯಲು ಸಿಗಬೇಕು, ಅಷ್ಟೇ. ಇವತ್ತು ಪ್ರವಾಸಿಗಳು ಕೂತು ಕಾಫಿ ಕುಡಿಯುವ ಆ ಚೌಕಗಳಿಗೆ ಅಂದಕ್ಕಿಂತ ಜೀವಭಯವೇ ಜಾಸ್ತಿ ಕಾರಣ. ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಗ್ರಾಮಿಕೆಲೆ ಅನ್ನುವ ಊರಿನ ಹೆಸರೂ ಇರಲಿಲ್ಲ. ಒಕ್ಕಿಯೋಲಾ ಅನ್ನುವ ಊರು ನೆಲಸಮವಾದ ಮೇಲೆ ಅಲ್ಲಿನ ಒಡೆಯ, ಬುತೇರಾದ ರಾಜಕುಮಾರ ಕಾರ್ಲೊ ಮರಿಯಾ ಕರಾಫಾ, ಉಳಿದವರಿಗಾಗಿ ಹತ್ತಿರದಲ್ಲೇ ಆರು ಮೂಲೆಯ ಊರು ಕಟ್ಟಿಸಿದ. ನಡುವಿನ ಚೌಕಕ್ಕೂ ಆರು ಮೂಲೆ, ಅದನ್ನು ಸುತ್ತಿದ ರಸ್ತೆಗಳಿಗೂ ಆರು ಮೂಲೆ. ಮೇಲಿನಿಂದ ತೆಗೆದ ಫೋಟೊ ಒಮ್ಮೆ ನೋಡಿ, ಬೆರಗಾಗುತ್ತದೆ.

ಆದರೆ ನಕ್ಷೆ ಹಾಕಿದ ಕೂಡಲೇ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಟ್ಟರಾ? ನೋಟೊ ಅನ್ನುವ ಊರನ್ನೇ ನೋಡಿ. ಹಳೆಯ ನೋಟೊ ಗುಡ್ಡದ ಮೇಲಿತ್ತು. ಹೊಸದು ಕೆಲವು ಕಿಲೋಮೀಟರ್ ಆಚೆ, ಸಮುದ್ರದ ಕಡೆಗಿನ ಇಳಿಜಾರಿನಲ್ಲಿ. ಬೇಡ, ನಮ್ಮ ಜಾಗಕ್ಕೇ ವಾಪಸ್ ಹೋಗುತ್ತೇವೆ ಅಂತ ಪಟ್ಟು ಹಿಡಿದವರು ಬಹಳ ಮಂದಿ. ಆ ಜಗಳ ಒಂದೆರಡು ತಿಂಗಳಲ್ಲಿ ಮುಗಿಯುವಂಥದ್ದಲ್ಲ, ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಹೊಸ ಜಾಗದಲ್ಲಿ ಕಟ್ಟಡಗಳು ಏಳತೊಡಗಿದ್ದವು, ದುಡ್ಡು ಸುರಿದಿದ್ದವರು ಬಿಟ್ಟು ಬರುವವರಲ್ಲ. ಕೊನೆಗೆ ಅಲ್ಲೇ ಗಟ್ಟಿಯಾಯಿತು. ರಗೂಸಾ ಅನ್ನುವ ಊರಿನಲ್ಲಿ ಇನ್ನೂ ಮಜಾ. ಒಂದು ಗುಂಪು ಮೇಲಿನ ಬಯಲಿಗೆ ಹೋಗಿ ಹೊಸ ಊರು ಕಟ್ಟಿಕೊಂಡಿತು. ಹಳೆಯ ಶ್ರೀಮಂತ ಮನೆತನಗಳು ನಾವು ಕದಲುವುದಿಲ್ಲ ಅಂತ ಕೆಳಗೆ ಇಬ್ಲಾ ಅನ್ನುವ ಹಳೆಯ ಭಾಗದಲ್ಲೇ, ಬಿದ್ದ ಮನೆಗಳ ಮೇಲೇ ಮತ್ತೆ ಮನೆ ಎಬ್ಬಿಸಿದವು. ಮೇಲಿನವರಿಗೆ ಸಂತ ಜಾನ್, ಕೆಳಗಿನವರಿಗೆ ಸಂತ ಜಾರ್ಜ್. ಒಬ್ಬರು ಚರ್ಚ್ ಕಟ್ಟಿಸಿದರೆ ಇನ್ನೊಬ್ಬರು ಸುಮ್ನೆ ಇರುತ್ತಾರಾ? ಎರಡೂ ಕಡೆಯವರು ಪೈಪೋಟಿಗೆ ಬಿದ್ದರು. ಎರಡೂ ಸೇರಿ ಮತ್ತೆ ಒಂದು ರಗೂಸಾ ಆಗಿದ್ದು 1926ರಲ್ಲಿ!

ಊರುಗಳು ‘ಕೆಲವೇ ವರ್ಷಗಳಲ್ಲಿ’ ಎದ್ದವು ಅನ್ನುವ ಲೇಖನದ ಮಾತೂ ತಪ್ಪು. ಕತಾನಿಯಾಕ್ಕೆ ಇವತ್ತಿನ ಮುಖ ಕೊಟ್ಟ ವಾಸ್ತುಶಿಲ್ಪಿ ಜೊವಾನ್ನಿ ಬತ್ತಿಸ್ತಾ ವಕ್ಕರೀನಿ ಹುಟ್ಟಿದ್ದೇ 1702ರಲ್ಲಿ. ಭೂಕಂಪ ಆದಾಗ ಅವನು ಹುಟ್ಟಿಯೇ ಇರಲಿಲ್ಲ. ಚೌಕದಲ್ಲಿರುವ ಕಪ್ಪು ಲಾವಾ ಕಲ್ಲಿನ ಆನೆಯ ಕಾರಂಜಿ 1730ರ ದಶಕದ್ದು. ಇಬ್ಲಾದ ಸಂತ ಜಾರ್ಜ್ ಚರ್ಚಿಗೆ ವಾಸ್ತುಶಿಲ್ಪಿ ರೊಸಾರಿಯೊ ಗಲ್ಯಾರ್ದಿ ನಕ್ಷೆ ಕೊಟ್ಟದ್ದೂ ಆ ದಶಕದ ಕೊನೆಗೆ. ನೋಟೊದ ಕೆಥೆಡ್ರಲ್ ಮುಗಿಯುವ ಹೊತ್ತಿಗೆ 18ನೇ ಶತಮಾನವೇ ಮುಗಿಯುತ್ತಾ ಬಂದಿತ್ತು. ಅದೇ ನೋಟೊದ ನಿಕೊಲಾಚಿ ಅರಮನೆಯ ಬಾಲ್ಕನಿಗಳನ್ನು ನೀವು ಪುಟದ ತುಂಬಾ ಹಾಕಿದ್ದೀರಿ. ಹೊಟ್ಟೆ ಉಬ್ಬಿದ ಕಬ್ಬಿಣದ ಕಟಾಂಜನ, ಅದರ ಕೆಳಗೆ ಸಿಂಹ, ರೆಕ್ಕೆಯ ಕುದುರೆ, ಮತ್ಸ್ಯಕನ್ಯೆಯರ ಮದನಕೈಗಳು. ಇವೆಲ್ಲ ದೊಡ್ಡ ಮನೆತನದ ಶ್ರೀಮಂತಿಕೆ. 1693ರಲ್ಲಿ ಮನೆ ಕಳೆದುಕೊಂಡ ಸಾಮಾನ್ಯ ಜನ ಅವನ್ನು ನೋಡುವಷ್ಟು ದಿನ ಬದುಕಿರಲಿಕ್ಕಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡ ವಿಷಯ. ಅದೇ ನೋಟೊ ಕೆಥೆಡ್ರಲ್ಲು 1996ರ ಮಾರ್ಚ್ 13ರ ರಾತ್ರಿ ಕುಸಿದು ಬಿತ್ತು. ಲೇಖನದಲ್ಲಿ ಇದು ಇಲ್ಲವೇ ಇಲ್ಲ! ಆ ರಾತ್ರಿ ಭೂಕಂಪ ಇರಲಿಲ್ಲ. ಗುಮ್ಮಟ, ನಡು ಅಂಕಣದ ಚಾವಣಿ, ಬಲಗಡೆಯ ಅಂಕಣ, ಎಲ್ಲ ಒಟ್ಟಿಗೇ ಹೋದವು. ಒಳಗೆ ಯಾರೂ ಇರಲಿಲ್ಲ, ಅದೊಂದೇ ಪುಣ್ಯ. ಐದು ವರ್ಷ ಮುಂಚೆ, 1990ರ ಡಿಸೆಂಬರ್‌ನಲ್ಲಿ ಆದ ಭೂಕಂಪ ಕಂಬಗಳನ್ನು ಸಡಿಲ ಮಾಡಿತ್ತು. ಅದಕ್ಕೂ ಮುಂಚೆ, 1950ರ ದಶಕದಲ್ಲಿ, ಮರದ ಹಳೆ ಚಾವಣಿ ತೆಗೆದು ಕಾಂಕ್ರೀಟಿನದು ಹಾಕಿದ್ದರು. ತಲೆಯ ಮೇಲೆ ಅಷ್ಟು ಭಾರ.

ಆದರೆ ಕಂಬ ಒಡೆದಾಗ ಒಳಗೆ ಕಂಡದ್ದೇ ಬೇರೆ. ಹೊರಗೆ ನುಣುಪಾಗಿ ಕಡೆದ ಸೈಜುಗಲ್ಲಿನ ಹೊದಿಕೆ. ಒಳಗೆ ಗುಂಡುಕಲ್ಲು, ಚೂರುಪಾರು, ಅದನ್ನು ಹಿಡಿದಿಡೋಕೆ ಕೈಲಾಗದ ಗಾರೆ. ಕಂಬದ ಭಾರವನ್ನೆಲ್ಲ ಹೊದಿಕೆಯೇ ಹೊತ್ತಿತ್ತು. ಸುಮಾರು ಇನ್ನೂರು ವರ್ಷ ಜನ ಆ ಕಂಬದ ಪಕ್ಕ ಮಂಡಿಯೂರಿದ್ದಾರೆ, ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದು ಹೇಗೆ? ಅಷ್ಟು ಚೆಂದದ ಕಲ್ಲು ಮುಚ್ಚಿತ್ತಲ್ಲ.

ಮತ್ತೆ ಕಟ್ಟುವಾಗ ಅವರು ಆತುರ ಪಡಲಿಲ್ಲ, ಅದಕ್ಕೆ ಮೆಚ್ಚಬೇಕು. ಕಾಂಕ್ರೀಟಿನಲ್ಲಿ ಬೇಗ ಎಬ್ಬಿಸಿ ಮೇಲೆ ಕಲ್ಲು ಅಂಟಿಸಿಬಿಡಬಹುದಿತ್ತು, ದೂರದಿಂದ ನೋಡಿದವರಿಗೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಹಾಗೆ ಮಾಡದೆ ಸುಣ್ಣದ ಕಲ್ಲು, ಸುಣ್ಣದ ಗಾರೆಯಲ್ಲೇ ಕಟ್ಟಿದರು. ಬಿದ್ದ ಬಲಗಡೆಯ ಕಂಬಗಳಷ್ಟೇ ಅಲ್ಲ, ನಿಂತಿದ್ದ ಎಡಗಡೆಯ ಕಂಬಗಳನ್ನೂ ಹೊಸದಾಗಿ ಎಬ್ಬಿಸಿದರು, ಈ ಸಲ ಒಳಗಿನವರೆಗೂ ಕಡೆದ ಕಲ್ಲೇ. 2007ರ ಜೂನ್‌ನಲ್ಲಿ ಬಾಗಿಲು ತೆರೆಯಿತು. ಹನ್ನೊಂದು ವರ್ಷ ಹಿಡಿಯಿತು, ಹಿಡಿಯಲಿ ಬಿಡಿ.

ಅದೇ ಸಿಸಿಲಿಯ ಪಶ್ಚಿಮಕ್ಕೆ ಹೋದರೆ ಇನ್ನೊಂದು ಉದಾಹರಣೆ ಇದೆ. 1968ರ ಜನವರಿಯಲ್ಲಿ ಬೆಲಿಚೆ ಕಣಿವೆಯ ಭೂಕಂಪದಲ್ಲಿ ಜಿಬೆಲ್ಲೀನಾ ಅನ್ನುವ ಊರು ಪೂರ್ತಿ ಹೋಯಿತು. ಜನ ಎಷ್ಟೋ ವರ್ಷ ತಗಡಿನ ಶೆಡ್ಡುಗಳಲ್ಲಿ ಕಾಲ ಹಾಕಿದರು. ಹೊಸ ಊರನ್ನು ದೂರದ ಬಯಲಲ್ಲಿ ಕಟ್ಟಿದರು. ದೊಡ್ಡ ದೊಡ್ಡ ಕಲಾವಿದರನ್ನು ಕರೆಸಿದರು, ಅಗಲ ರಸ್ತೆ ಹಾಕಿದರು, ಶಿಲ್ಪಗಳನ್ನು ನಿಲ್ಲಿಸಿದರು. ಹಳೆ ಊರಿನ ಅವಶೇಷದ ಮೇಲೆ ಕಲಾವಿದ ಆಲ್ಬೆರ್ತೊ ಬುರ್ರಿ ಬಿಳಿ ಕಾಂಕ್ರೀಟ್ ಹೊದಿಸಿದ. ಹಳೆಯ ಓಣಿಗಳ ಜಾಗದಲ್ಲಿ ಬಿರುಕು ಬಿಟ್ಟ ಹಾಗೆ ಕಾಲುದಾರಿಗಳು. ಆ ಕೆಲಸ ದೊಡ್ಡದೇ, ಒಪ್ಪುತ್ತೇನೆ. ಆದರೆ ಹೊಸ ಊರಿನ ಅಷ್ಟಗಲ ರಸ್ತೆಗಳಿಗೆ ತಕ್ಕ ಜನವೇ ಇಲ್ಲ. ಅಗಲ ರಸ್ತೆ ಕತಾನಿಯಾದಲ್ಲೂ ಇದೆ. ಅಲ್ಲಿನ ಜನ ತಮ್ಮ ಜಾಗದಲ್ಲೇ, ತಮ್ಮ ಚರ್ಚು, ಮಾರುಕಟ್ಟೆಗಳ ಸುತ್ತಲೇ ಉಳಿದರು, ಇಲ್ಲಿ ಬೇರು ಸಮೇತ ಕಿತ್ತು ತಂದರು. ಮಧ್ಯ ಇಟಲಿಯ ಲಾಕ್ವಿಲಾದಲ್ಲೂ 2009ರ ಭೂಕಂಪದ ನಂತರ ಊರ ಹೊರಗೆ 19 ಕಡೆ ತರಾತುರಿಯಲ್ಲಿ ವಸತಿ ಎಬ್ಬಿಸಿದರು. ಊರ ನಡುಭಾಗಕ್ಕೆ ಮಾತ್ರ ವರ್ಷಗಟ್ಟಲೆ ಬೇಲಿ. ಅದೂ 1703ರ ಭೂಕಂಪದಲ್ಲಿ ಬಿದ್ದು ಎದ್ದಿದ್ದ ಊರೇ.

ಹಾಗಾಗಿ ಸಂಪಾದಕರೇ, ಊರು ಬಿದ್ದ ಮೇಲೆ ಹೊಸದು ಎಷ್ಟು ಚೆಂದ, ಎಷ್ಟು ಬೇಗ ಎದ್ದಿತು ಅಂತ ಮಾತ್ರ ಕೇಳಬೇಡಿ. ಜಾಗ ಆರಿಸಿದ್ದು ಯಾರು, ಅಲ್ಲಿರಬೇಕಾದವರನ್ನು ಕೇಳಿದರಾ, ಗೋಡೆಯೊಳಗೆ ಏನು ತುಂಬಿದರು, ಇದನ್ನೂ ಕೇಳಿ. ಲೇಖನದ ಎರಡನೇ ಭಾಗ ಬರುತ್ತದೆ ಅಂತ ಹಾಕಿದ್ದೀರಿ, ಅದರಲ್ಲಾದರೂ ಆ ಕಂಬದ ಕಥೆಗೆ ಜಾಗ ಕೊಡಿ.

ಇನ್ನೊಂದು. ಮೊದಲ ಪುಟದ ದೊಡ್ಡ ಫೋಟೊದ ಕೆಳಗೆ ‘ನೋಟೊ ಕೆಥೆಡ್ರಲ್’ ಅಂತ ಇದೆ. ಅದು ಇಬ್ಲಾದ ಸಂತ ಜಾರ್ಜ್ ಚರ್ಚು. ಮುಂದಕ್ಕೆ ಉಬ್ಬಿದ ಮುಖ, ಒಂದರ ಮೇಲೊಂದು ಮೂರು ಸಾಲು ಕಂಬ, ಚೌಕಕ್ಕೆ ನೇರವಾಗಿ ನಿಲ್ಲದೆ ಸ್ವಲ್ಪ ಓರೆಯಾಗಿ ನಿಂತಿದೆ, ಹಿಂದೆ ಗುಮ್ಮಟ. ನೋಟೊದ್ದಕ್ಕೆ ಎರಡು ಪಕ್ಕದಲ್ಲೂ ಗಂಟೆ ಗೋಪುರ ಇದೆ. ದಯವಿಟ್ಟು ತಿದ್ದಿ.

ಇಂತಿ,
ನಿಮ್ಮ ಓದುಗ