ಗಾಡಿ ಹೊರಟಿದೆ, ಇನ್ನು ಋಣದ ಮಾತು

ಕಳೆದ ಭಾನುವಾರ ನಮ್ಮ ಮುತ್ಯಾನ ಹಳೆಯ ಮೋಟಾರ್ ಸೈಕಲ್, ಬಿ.ಎಸ್.ಎ. ಎಂ20, ಬೀದರಿನ ಚೌಬಾರಾ ಗೋಪುರಕ್ಕೆ ಮೂರು ಸುತ್ತು ಬಂತು. ವಿಡಿಯೊ ನೋಡಿದವರೆಲ್ಲ ಕೇಳಿದ್ದು ಒಂದೇ: ಕೊಟ್ಟಿಗೆಯಲ್ಲಿ ಕೋಳಿ ಕೂರುತ್ತಿದ್ದ ಗಾಡಿಯನ್ನು ಎಬ್ಬಿಸಿದವರು ಯಾರು?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಗಾಗಿ ಸುಮಾರು 1,26,000 ತಯಾರಾದ ಜಾತಿಯದು ಇದು. 496 ಸಿ.ಸಿ., ಒಂದೇ ಸಿಲಿಂಡರ್; ಹಿಂದಿನ ಗಾಲಿಗೆ ಸಸ್ಪೆನ್ಷನ್ನೇ ಇಲ್ಲ, ಸೀಟಿನ ಸ್ಪ್ರಿಂಗೇ ಗತಿ. ಬೀದರ್ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, ಅಂದರೆ 1956ಕ್ಕೂ ಮೊದಲು, ಮುತ್ಯಾ ಇದನ್ನು ಸಿಕಂದರಾಬಾದಿನ ಹರಾಜಿನಲ್ಲಿ ಹಿಡಿದು ತಂದರು. ಟ್ಯಾಂಕಿನ ಕೆಂಪು ಉಜ್ಜಿದರೆ ಕಪ್ಪು, ಕಪ್ಪು ಉಜ್ಜಿದರೆ ಖಾಕಿ. ಆ ಖಾಕಿಯನ್ನು ಅಂಗೈಯಗಲ ಹಾಗೆಯೇ ಬಿಟ್ಟಿದ್ದೇವೆ.

ಪುಣೆಯಲ್ಲಿ ಕಿಡಿ ಹೊತ್ತಿಸುವ ಮ್ಯಾಗ್ನೆಟೊದ ಕಾಯಿಲ್ ಸುತ್ತಿಸಿ ತಂದ ಸೋದರಮಾವನಿಗೆ, ಚಕ್ರದ ಕಡ್ಡಿ ಬಿಗಿದುಕೊಟ್ಟ ಸೈಕಲ್ ಅಂಗಡಿಯವರಿಗೆ, ಪಡಸಾಲೆಯೆಲ್ಲ ಗ್ರೀಸ್ ಆದರೂ ಸುಮ್ಮನಿದ್ದ ಹೆಂಡತಿಗೆ (ಪೂರ್ತಿ ಸುಮ್ಮನಿರಲಿಲ್ಲ) ಧನ್ಯವಾದ. ಮೊದಲು ಒಪ್ಪಿಸಿದ್ದ ಗ್ಯಾರೇಜಿನವರು ಎರಡು ವರ್ಷ ಇಟ್ಟುಕೊಂಡು ಅರ್ಧ ನಟ್ಟು ಬೋಲ್ಟು ಕಳೆದು ವಾಪಸ್ ಕೊಟ್ಟರು. ಅವರ ಸುದ್ದಿ ಬೇಡ.

ಉಳಿದ ಮಾತೆಲ್ಲ ಗಾಡಿಯನ್ನು ಎಬ್ಬಿಸಿದ ಮೆಕ್ಯಾನಿಕ್ ಚಾಚಾ ಅವರಿಗೆ.

ಗಾಡಿ ಕೆಲಸದ ನಡುವೆಯೇ ಅಪ್ಪ ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತು. ಕಲಬುರಗಿಗೆ ಕರೆದೊಯ್ದ ಆ ರಾತ್ರಿ ಚಾಚಾ ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಆಂಬುಲೆನ್ಸ್ ಹತ್ತಿದ್ದರು. ಹುಮನಾಬಾದ್ ದಾಟುವವರೆಗೂ ಅಪ್ಪನ ತಲೆ ಅಲುಗದಂತೆ ಹಿಡಿದಿದ್ದವರು ಅವರೇ. ಬಿಚ್ಚಿದ್ದ ಕಾರ್ಬೊರೇಟರಿನ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು, ಅವರ ಜೇಬಿನಲ್ಲೇ ಉಳಿದುಹೋಗಿತ್ತು. ಬೆಳಗಿನ ಜಾವ ಮೂರಕ್ಕೆ, ಐಸಿಯು ಹೊರಗಿನ ಬೆಂಚಿನ ಮೇಲೆ, ಗೋಧಿ ಕಾಳಿಗಿಂತ ತುಸು ದೊಡ್ಡದಾದ ಆ ಹಿತ್ತಾಳೆ ತುಂಡನ್ನು ಟ್ಯೂಬ್‌ಲೈಟಿಗೆ ಹಿಡಿದು ತೂತು ನೋಡುವುದು, ಊದುವುದು, ಮತ್ತೆ ನೋಡುವುದು. ಸಮಾಧಾನದ ಮಾತು ಒಂದೂ ಇಲ್ಲ. ನನಗೆ ಸಿಟ್ಟು ಬಂತು. "ಮಾರಿಬಿಡೋಣ ಚಾಚಾ, ಇನ್ನು ಯಾರಿಗಾಗಿ?" ಎಂದೆ. ಎಂದವನಿಗೆ ಅಳು ತಡೆಯಲಾಗಲಿಲ್ಲ. ಅವರು ಜೆಟ್ಟನ್ನು ನನ್ನ ಅಂಗೈಗೆ ಹಾಕಿ, "ಬೀಳಿಸಬೇಡ, ಇಂಥದ್ದು ಇನ್ನೊಂದು ಸಿಗುವುದಿಲ್ಲ" ಎಂದರು. ಬೆಳಕು ಹರಿಯುವ ತನಕ ಮುಷ್ಟಿ ಬಿಚ್ಚದೆ ಕೂತಿದ್ದೆ.

ಮೂರನೆಯ ದಿನ ಅಪ್ಪನ ಎಡಗೈ ಹೆಬ್ಬೆರಳು ಏನನ್ನೋ ತಳ್ಳುವಂತೆ ಆಡತೊಡಗಿತು. ಮಾತು ಹೋಗಿತ್ತು. ನಾವು ನಡುಕವೆಂದುಕೊಂಡೆವು. ಚಾಚಾ ಮಾತ್ರ "ಲಿವರ್ ಸರಿಸುತ್ತಿದ್ದಾರೆ" ಎಂದರು. ಈ ಗಾಡಿಗೆ ಕಿಕ್ ಹೊಡೆಯುವ ಮುನ್ನ ಹ್ಯಾಂಡಲಿನ ಲಿವರ್ ಸರಿಸಿ ಕಿಡಿಯನ್ನು ತಡವಾಗಿಸಬೇಕು. ಮರೆತರೆ ಕಿಕ್ಕರ್ ತಿರುಗಿ ಒದೆಯುತ್ತದೆ, ಕಣಕಾಲು ಉಳಿದರೆ ಪುಣ್ಯ. ಚಿಕ್ಕಂದಿನಿಂದ ಅಪ್ಪ ನನಗೆ ಇದನ್ನು ನೂರು ಸಲ ಹೇಳಿದ್ದರು. ಚಾಚಾನ ಮಾತನ್ನು ಡಾಕ್ಟರು ಒಪ್ಪಲಿಲ್ಲ. ನಾನು ಚಾಚಾನ ಕಡೆ.

ಗಾಡಿಯ ಕೂಲಿಯನ್ನು ಚಾಚಾ ಒಂದು ರೂಪಾಯಿ ಬಿಡದೆ ಎಣಿಸಿಕೊಂಡರು. ಗ್ಯಾರೇಜ್ ಮುಚ್ಚಿ ಆಸ್ಪತ್ರೆಯಲ್ಲಿ ಕಳೆದ ಹನ್ನೊಂದು ದಿನದ ಮಾತೆತ್ತಿದರೆ ಪಾನಾ ಹುಡುಕುವ ನೆಪದಲ್ಲಿ ಒಳಗೆ ಹೋಗುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವರ ಮೊಮ್ಮಗಳು ಓದಿ ಹೇಳುತ್ತಾಳೆ.

ಭಾನುವಾರ ಅಪ್ಪನ ಕುರ್ಚಿಯನ್ನು ಗ್ಯಾರೇಜಿನ ಬಾಗಿಲಿಗೆ ಹಾಕಿದ್ದೆವು. ಸುತ್ತ ಜನ, ಮೊಬೈಲು, ಗದ್ದಲ. ನಾನು ಕಿಕ್ಕರ್ ಮೇಲೆ ಕಾಲಿಟ್ಟೆ. ಅಪ್ಪನ ಹೆಬ್ಬೆರಳು ಆಡಿತು. ಲಿವರ್ ಕಡೆ ನೋಡಿದೆ. ಮರೆತಿದ್ದೆ.